ಹೆಲ್ಮೆಟ್ ಗಾಜು ಮತ್ತು ಒಂದು ಸಣ್ಣ ತಿರುಗಣಿ

ತುಂಬಾ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಪರೀಕ್ಷೆ, ಉತ್ತರ ಪತ್ರಿಕೆ, ಗಣತಿ ಕೆಲಸ ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಈ ಭಾನುವಾರ ಕೂತು ಬರೆಯುತ್ತಿದ್ದೇನೆ. ವಿಷಯ ಬಹಳ ಸಣ್ಣದು. ಹೆಲ್ಮೆಟ್ಟಿನ ಕಿವಿಯ ಹತ್ತಿರ, ಮುಖದ ಗಾಜನ್ನು ಹಿಡಿದುಕೊಂಡಿರುವ ರೂಪಾಯಿ ಬಿಲ್ಲೆಯಷ್ಟು ಅಗಲದ ಒಂದು ಕೀಲು. ಇದರ ಬಗ್ಗೆ ಬರೆಯುವುದಕ್ಕೆ ಏನಿದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಕಣ್ಣು ಹೋಗುವಂತಾಗುವ ತನಕ.

ನಾನಿರುವುದು ನಾಗಲದಿನ್ನೆಯಲ್ಲಿ. ಕರ್ನೂಲು ಜಿಲ್ಲೆಯ ಊರು, ತುಂಗಭದ್ರೆಯ ದಂಡೆ. ಆಚೆ ದಡ 2014ರಿಂದ ತೆಲಂಗಾಣ. 2009ರ ಅಕ್ಟೋಬರಿನ ಪ್ರವಾಹದಲ್ಲಿ ನಮ್ಮೂರ ಸೇತುವೆ ಕೊಚ್ಚಿಕೊಂಡು ಹೋಗಿದ್ದನ್ನು ಆ ಕಾಲದ ಪತ್ರಿಕೆಗಳಲ್ಲಿ ನೀವು ಓದಿರಬಹುದು. ನಾನು ಪಾಠ ಮಾಡುವ ಕನ್ನಡ ಶಾಲೆ ಇರುವುದು ಪಶ್ಚಿಮದ ಗಡಿ ಕಡೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಬಂದವು. ಅದರೊಂದಿಗೆ ಕನ್ನಡ ಮನೆಮಾತಿನ ಎಷ್ಟೋ ಹಳ್ಳಿಗಳೂ ಬಂದವು, ಅವುಗಳ ಜೊತೆ ಕನ್ನಡ ಶಾಲೆಗಳೂ. ಅಂಥ ಒಂದು ಶಾಲೆಗೆ ನಾನು ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ಗಡಿ ಶಾಲೆಯ ಮೇಷ್ಟ್ರುಗಳಿಗೆ ಬೈಕು ಎರಡನೇ ಮನೆ ಇದ್ದ ಹಾಗೆ, ಇದು ನಿಮಗೆ ಗೊತ್ತಿರುವುದೇ.

ಈ ದಾರಿಯಲ್ಲಿ ಎರಡು ಕಾಲ ಕಷ್ಟ. ಬೇಸಿಗೆಯಲ್ಲಿ ಎರೆಮಣ್ಣಿನ ದೂಳು, ಹತ್ತಿ ಲಾರಿಗಳಿಂದ ಹಾರುವ ಅರಳೆ. ದೀಪಾವಳಿಯ ಹೊತ್ತಿಗೆ ಭತ್ತದ ಗದ್ದೆಯ ಹುಳ. ಸಂಜೆ ಆರಾಯಿತೆಂದರೆ ನದಿ ಕಡೆಯ ಗದ್ದೆಗಳಿಂದ ಎದ್ದು, ಬೈಕಿನ ದೀಪಕ್ಕೆ ಮುತ್ತುತ್ತವೆ. ಮುಖಕ್ಕೆ ಮಳೆ ಹೊಡೆದ ಹಾಗೆ ಹೊಡೆಯುತ್ತವೆ.

ನನ್ನ ಹೆಲ್ಮೆಟ್ ಹಳೆಯದು. ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಮಾರುವವರ ಹತ್ತಿರ, ಪೊಲೀಸರ ತಪಾಸಣೆಗೆ ಹೆದರಿ ಅವಸರದಲ್ಲಿ ಕೊಂಡದ್ದು. ಒಂದು ವರ್ಷಕ್ಕೇ ಅದರ ಗಾಜು ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುವುದನ್ನು ಬಿಟ್ಟಿತು. ಮೇಲೆತ್ತಿದರೆ ಒಂದು ಗುಂಡಿ ಬಂದ ಕೂಡಲೇ ದಬಕ್ಕನೆ ಕೆಳಗೆ ಬೀಳುತ್ತಿತ್ತು. ಗೀರು ಬಿದ್ದ ಗಾಜು, ಎದುರು ಲಾರಿಯ ದೀಪ ಬಿದ್ದರೆ ಪೂರ್ತಿ ಬೆಳ್ಳಗಾಗಿ ರಸ್ತೆಯೇ ಕಾಣದು. ಅದಕ್ಕೇ ನಾನು ಒಂದು ಉಪಾಯ ಮಾಡಿದೆ. ಗಾಜನ್ನು ಪೂರ್ತಿ ಮೇಲಕ್ಕೆತ್ತಿ, ಹಿಂದಿನಿಂದ ರಬ್ಬರ್ ಬ್ಯಾಂಡು ಎಳೆದು ಕಟ್ಟಿಬಿಟ್ಟೆ. ಎರಡು ವರ್ಷ ಹಾಗೇ ಓಡಿಸಿದೆ. ಹೆಲ್ಮೆಟ್ ಇತ್ತು, ಗಾಜು ಇತ್ತು. ಆದರೆ ಮುಖಕ್ಕೆ ಏನೂ ಇರಲಿಲ್ಲ.

ಹೋದ ಕಾರ್ತಿಕದಲ್ಲಿ ಒಂದು ಸಂಜೆ ವಾಪಸು ಬರುತ್ತಿದ್ದೆ. ಬಲಗಣ್ಣಿಗೆ ಏನೋ ಕಲ್ಲು ಬಡಿದ ಹಾಗಾಯಿತು. ಎರಡೂ ಕಣ್ಣು ತಾನಾಗಿಯೇ ಮುಚ್ಚಿಕೊಂಡವು. ಒಂದು ಕಣ್ಣಿಗೆ ಪೆಟ್ಟಾದರೆ ಇನ್ನೊಂದೂ ಮುಚ್ಚುತ್ತದೆ ಅಂತ ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ! ಬ್ರೇಕು ಹಾಕಿದೆ, ಬೈಕು ರಸ್ತೆ ಬಿಟ್ಟು ಮರಳಿನ ಮೇಲೆ ಜಾರಿತು. ಮೊಣಕಾಲು ಕೆತ್ತಿಹೋಯಿತು, ಅಷ್ಟೇ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವರು ಎಬ್ಬಿಸಿ ಕೂರಿಸಿದರು. ಮಾರನೇ ದಿನ ಆದೋನಿಯಲ್ಲಿ ಕಣ್ಣಿನ ಡಾಕ್ಟರು ರೆಪ್ಪೆ ಮಗುಚಿ ಒಂದು ಸಣ್ಣ ರೆಕ್ಕೆಯ ಚೂರು ತೆಗೆದರು. "ರಾತ್ರಿಯೆಲ್ಲಾ ಉಜ್ಜಿಕೊಂಡಿದ್ದೀರಿ, ಕರಿಗುಡ್ಡೆ ಮೇಲೆ ಗೀರು ಬಿದ್ದಿದೆ. ಇನ್ನು ಸ್ವಲ್ಪ ಆಗಿದ್ದರೆ ಹುಣ್ಣಾಗಿ ಕೂರುತ್ತಿತ್ತು" ಅಂದರು. ಒಂದು ವಾರ ಕಣ್ಣಿಗೆ ಹತ್ತಿ ಕಟ್ಟಿಕೊಂಡು ಮನೆಯಲ್ಲಿದ್ದೆ. ಅವ್ವ ದೃಷ್ಟಿ ತೆಗೆದಳು. ನನ್ನಾಕೆ ಮಾತ್ರ ಒಂದೇ ಮಾತು ಕೇಳಿದಳು: "ಏನ್ರೀ, ಗಾಜು ಇದ್ದೂ ಯಾಕ್ರೀ ಹಾಕ್ಕಳ್ಳಿಲ್ಲ?"

ಉತ್ತರ ಹೇಳಲು ನಾಚಿಕೆಯಾಯಿತು. ಗಾಜು ನಿಲ್ಲುತ್ತಿರಲಿಲ್ಲ, ಅದಕ್ಕೆ.

ಶಾಲೆಗೆ ಹೋದ ದಿನ ಆ ಹೆಲ್ಮೆಟ್ಟನ್ನೇ ಎಂಟನೇ ತರಗತಿಗೆ ತೆಗೆದುಕೊಂಡು ಹೋದೆ. ಘರ್ಷಣೆಯ ಪಾಠ ಬಾಕಿ ಇತ್ತು. ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರಿನಿಂದ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದೆವು. ಒಳಗಿದ್ದದ್ದು ಇಷ್ಟೇ. ಒಂದು ಸ್ಕ್ರೂ. ಒಂದು ವಾಷರು. ಅಂಚಿನಲ್ಲಿ ನಾಲ್ಕೈದು ಹಲ್ಲು ಇರುವ ಒಂದು ಪ್ಲಾಸ್ಟಿಕ್ ಬಿಲ್ಲೆ. ಗಾಜಿನ ಕಿವಿಯಲ್ಲಿ ಒಂದು ತೂತು, ಅದರ ಪಕ್ಕ ಜೋಳದ ಕಾಳಿಗಿಂತ ಚಿಕ್ಕದಾದ ಒಂದು ಉಬ್ಬು. ಆ ಉಬ್ಬು ಹಲ್ಲುಗಳ ಸಂದಿಯಲ್ಲಿ ಕೂತರೆ ಗಾಜು ನಿಲ್ಲಬೇಕು. ನನ್ನದರಲ್ಲಿ ಉಬ್ಬು ಸವೆದು ನುಣ್ಣಗಾಗಿತ್ತು, ಹಲ್ಲುಗಳೂ ಮುದುಕರ ಬಾಯಿಯಂತಾಗಿದ್ದವು. ತೂತಿನ ಅಂಚಿನಿಂದ ಕೂದಲೆಳೆಯಷ್ಟು ಒಂದು ಬಿರುಕೂ ಹೊರಟಿತ್ತು.

"ಇದಕ್ಕೆ ಏನಂತಾರೆ?" ಅಂತ ಕೇಳಿದೆ. ಇಂಗ್ಲಿಷಿನವರು ಪಿವಟ್ ಅನ್ನುತ್ತಾರೆ ಅಂತ ನಾನೇ ಹೇಳುವುದರಲ್ಲಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ. ಅವನಪ್ಪನದು ವೆಲ್ಡಿಂಗ್ ಅಂಗಡಿ. "ಸಾರ್, ನಮ್ಮ ಅಜ್ಜಿ ಮನಿ ಕದಕ್ಕ ಇಂಥದ ಐತ್ರಿ. ತಿರುಗಣಿ ಅಂತಾಳ್ರಿ" ಅಂದ.

ಹೌದಲ್ಲ! ಹಳೇ ಮಣ್ಣಿನ ಮನೆಗಳ ಬಾಗಿಲಿಗೆ ಕಬ್ಬಿಣದ ಹಿಂಜು ಇರುವುದಿಲ್ಲ. ಕದದ ಒಂದು ಮೂಲೆಯನ್ನೇ ಮೇಲೆ ಕೆಳಗೆ ಗೂಟದ ಹಾಗೆ ಚಾಚಿರುತ್ತಾರೆ. ಕೆಳಗಿನ ಗೂಟ ಕಲ್ಲಿನ ಗುಳಿಯಲ್ಲಿ ಕೂತು ತಿರುಗುತ್ತದೆ. ನೂರು ವರ್ಷವಾದರೂ ಕಿರ್ರ್ ಅಂದುಕೊಂಡು ನಡೆಯುತ್ತದೆ. ಅವತ್ತಿನಿಂದ ನಮ್ಮ ತರಗತಿಯಲ್ಲಿ ಅದಕ್ಕೆ ತಿರುಗಣಿ ಅಂತಲೇ ಹೆಸರಾಯಿತು.

ಆದರೆ ಕದದ ತಿರುಗಣಿಗೂ ಹೆಲ್ಮೆಟ್ಟಿನ ತಿರುಗಣಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕದಕ್ಕೆ ತಿರುಗುವುದೊಂದೇ ಕೆಲಸ, ನಿಲ್ಲಿಸಬೇಕೆಂದರೆ ಕಲ್ಲು ಇಡುತ್ತೇವೆ. ಹೆಲ್ಮೆಟ್ಟಿನದು ತಿರುಗಬೇಕು, ಬೇಕಾದ ಕಡೆ ನಿಲ್ಲಬೇಕು, ಮುಚ್ಚಿದಾಗ ಗಾಜನ್ನು ರಬ್ಬರಿನ ಅಂಚಿಗೆ ಒತ್ತಿ ಹಿಡಿಯಬೇಕು, ತೊಳೆಯಲು ಬೇಕೆಂದಾಗ ಗಾಜನ್ನು ಬಿಟ್ಟುಕೊಡಬೇಕು. ಇಷ್ಟನ್ನೂ ಒಂದು ಬಿಲ್ಲೆಯಷ್ಟು ಜಾಗದಲ್ಲಿ ಮಾಡಬೇಕು. ಅದೂ ಗ್ಲೌಸು ಹಾಕಿದ ಒಂದೇ ಕೈಗೆ ಸಿಗುವ ಹಾಗೆ. ಯೂರೋಪಿನ ಹೆಲ್ಮೆಟ್ ನಿಯಮದಲ್ಲಿ, ಗಾಜನ್ನು ಒಂದೇ ಕೈಯಿಂದ ಸುಲಭವಾಗಿ ಕಣ್ಣ ಮುಂದಿನಿಂದ ಸರಿಸುವ ಹಾಗಿರಬೇಕು ಅಂತಲೇ ಇದೆ. ಇನ್ನೊಂದು ಕೈ ಹ್ಯಾಂಡಲ್ ಮೇಲೆ ಇರಬೇಕಲ್ಲ!

ಆ ಹುಡುಗ ಮತ್ತೆ ಕೇಳಿದ. "ಸಾರ್, ನಮ್ಮಪ್ಪನ ವೆಲ್ಡಿಂಗ್ ಮುಖವಾಡಕ್ಕ ಹಲ್ಲು ಇಲ್ರಿ. ಬರೀ ಎರಡು ತಿರುಪು. ಆದ್ರೂ ನಿಂದ್ರತೈತಿ. ಕತ್ತು ಒಮ್ಮಿ ಹಿಂಗ ಕುಣಿಸಿದ್ರ ತಾನಾ ಬೀಳತೈತಿ. ಇದು ಯಾಕ ನಿಂದ್ರಂಗಿಲ್ಲ?"

ನೋಡಿ, ಇದು ಮೇಷ್ಟ್ರನ್ನು ನಿಲ್ಲಿಸುವ ಪ್ರಶ್ನೆ. ವೆಲ್ಡಿಂಗ್ ಮುಖವಾಡ ನಿಲ್ಲುವುದು ಬರೀ ಘರ್ಷಣೆಯಿಂದ. ತಿರುಪು ಬಿಗಿ ಮಾಡಿದರೆ ನಿಲ್ಲುತ್ತದೆ, ಸ್ವಲ್ಪ ಸಡಿಲ ಬಿಟ್ಟರೆ ತಲೆ ಆಡಿಸಿದಾಗ ಬೀಳುತ್ತದೆ. ವೆಲ್ಡರಿಗೆ ಬೇಕಾದದ್ದೂ ಅದೇ, ಎರಡೂ ಕೈ ಕೆಲಸದಲ್ಲಿರುತ್ತವೆ. ಆದರೆ ಅವನು ನಿಂತ ಜಾಗದಲ್ಲಿ ಇರುತ್ತಾನೆ. ಬೈಕಿನವನಿಗೆ ಗಾಳಿ ಇದೆ, ಗುಂಡಿ ಇದೆ, ಎಂಜಿನ್ನಿನ ನಡುಕ ಇದೆ. ತಲೆ ಆಡಿದಾಗೆಲ್ಲಾ ಗಾಜು ಬಿದ್ದರೆ ಅವನ ಗತಿ?

ಗಾಳಿ ಎಷ್ಟು ತಳ್ಳುತ್ತದೆ, ಲೆಕ್ಕ ಮಾಡೋಣ ಅಂದೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರು. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ. ಅರ್ಧ ಗುಣಿಲೆ ಸಾಂದ್ರತೆ ಗುಣಿಲೆ ವೇಗದ ವರ್ಗ, ಚದರ ಮೀಟರಿಗೆ ಹೆಚ್ಚುಕಡಿಮೆ 167 ನ್ಯೂಟನ್. ಗಾಜು 25 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ ಅಂದುಕೊಂಡರೆ ಬೀಳುವ ಬಲ ಸುಮಾರು 4 ನ್ಯೂಟನ್. ಅಂದರೆ 400 ಗ್ರಾಂ ತೂಕ ಗಾಜಿಗೆ ಜೋತುಬಿದ್ದ ಹಾಗೆ. "ಇಷ್ಟೇನಾ ಸಾರ್?" ಅಂದರು ಹುಡುಗರು.

ಇಷ್ಟೇ. ಆದರೆ ಕದ ನೂಕಿದ ಮಕ್ಕಳಿಗೆ ಗೊತ್ತಿರಬೇಕಾದ ವಿಷಯ ಇಲ್ಲೇ ಇದೆ. ಕದವನ್ನು ಹಿಡಿಯ ಹತ್ತಿರ ನೂಕಿದರೆ ಬೆರಳಲ್ಲೇ ತಿರುಗುತ್ತದೆ. ತಿರುಗಣಿಯ ಹತ್ತಿರ ನೂಕಿದರೆ ಮೈಭಾರ ಹಾಕಿದರೂ ಕಷ್ಟ. ಗಾಜಿನ ಮೇಲೆ ಗಾಳಿ ತಳ್ಳುವುದು ತಿರುಗಣಿಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿ. ಅದನ್ನು ತಡೆಯುವ ಹಲ್ಲು ಇರುವುದು ತಿರುಗಣಿಯ ಪಕ್ಕದಲ್ಲೇ. 4 ಗುಣಿಲೆ 10, ನಲವತ್ತು. ಎರಡು ಕಿವಿಗೆ ಹಂಚಿದರೆ ಇಪ್ಪತ್ತಿಪ್ಪತ್ತು. ಹಲ್ಲು ನಡುವಿನಿಂದ 1 ಸೆಂ.ಮೀ. ದೂರದಲ್ಲಿದ್ದರೆ ಅದು ತಡೆಯಬೇಕಾದ್ದು 20 ನ್ಯೂಟನ್, ಅಂದರೆ ಎರಡು ಕಿಲೋ. ಅದೇ ಹಲ್ಲು 2.5 ಸೆಂ.ಮೀ. ದೂರದಲ್ಲಿದ್ದರೆ 8 ನ್ಯೂಟನ್, ಎಂಟುನೂರು ಗ್ರಾಂ ಸಾಕು. ವೇಗ 80ಕ್ಕೆ ಹೋದರೆ ಇದೆಲ್ಲಾ ಒಂದೂ ಮುಕ್ಕಾಲು ಪಟ್ಟು ಜಾಸ್ತಿ ಆಗುತ್ತದೆ, ಯಾಕೆಂದರೆ ವೇಗದ ವರ್ಗ.

ತಿರುಗಣಿ ಚಿಕ್ಕದು ಮಾಡಿದಷ್ಟೂ ಹಲ್ಲಿನ ಮೇಲೆ ಭಾರ ಜಾಸ್ತಿ. ಭಾರ ಜಾಸ್ತಿ ಆದಷ್ಟೂ ಬೇಗ ಸವೆಯುತ್ತದೆ. ದೊಡ್ಡದು ಮಾಡೋಣ ಅಂದರೆ ಕಿವಿಯ ಹತ್ತಿರ ಗಂಟು ಎದ್ದಂತಾಗುತ್ತದೆ, ಗಾಳಿ ಸದ್ದು ಮಾಡುತ್ತದೆ, ಬಿದ್ದಾಗ ಆ ಗಂಟು ರಸ್ತೆಗೆ ಸಿಕ್ಕಿಕೊಂಡು ತಲೆಯನ್ನು ತಿರುಚಬಹುದು. ಒಳಗೆ ಜಾಗ ಮಾಡೋಣ ಅಂದರೆ ಅಲ್ಲಿ ಪೆಟ್ಟು ಹೀರುವ ಥರ್ಮೋಕೋಲಿನ ಪದರ ಇದೆ, ಅದನ್ನು ಕೆತ್ತಿದರೆ ಕಣತಲೆಗೆ ರಕ್ಷಣೆಯೇ ಕಡಿಮೆ. ಈ ಇಕ್ಕಟ್ಟು ಎಲ್ಲರಿಗೂ ಇದ್ದದ್ದೇ. ಜಪಾನಿನ ಅರಾಯ್ ಕಂಪನಿಯವರು 2015ರ ಸುಮಾರಿಗೆ ತಂದ ಹೆಲ್ಮೆಟ್ಟಿನಲ್ಲಿ ಗಾಜಿನ ತಿರುಗಣಿಯನ್ನು 24 ಮಿಲಿಮೀಟರು ಕೆಳಗಿಳಿಸಿದರು. ಕಣತಲೆಯ ಹತ್ತಿರ ಹೊರಮೈ ಗುಂಡಗೆ, ನುಣ್ಣಗೆ ಇರಲಿ, ಬಿದ್ದಾಗ ಜಾರಿಹೋಗಲಿ ಅಂತ. ಬರೀ 24 ಮಿಲಿಮೀಟರು! ಅದಕ್ಕಾಗಿ ಗಾಜು ತಿರುಗುವ ರೀತಿಯನ್ನೇ ಬೇರೆ ಮಾಡಬೇಕಾಯಿತು ಅವರಿಗೆ.

"ಸಾರ್, ನಾವ ಒಂದು ಮಾಡಿ ನೋಡಾನ್ರಿ?" ಅಂದ ಹುಡುಗ. ಮಂಡಲ ಮಟ್ಟದ ವಿಜ್ಞಾನ ಮೇಳ ಒಂದೂವರೆ ತಿಂಗಳಿತ್ತು. ಸರಿ, ಅಂದೆ. ಒಂದು ಷರತ್ತು ಹಾಕಿದೆ. ನಾವು ಮಾಡುವುದು ಮೇಜಿನ ಮೇಲೆ ಇಡುವುದಕ್ಕೆ, ಯಾರ ತಲೆಗೂ ಹಾಕುವುದಕ್ಕಲ್ಲ.

ಮೊದಲನೆಯದನ್ನು ಸೋಡಾ ಬಾಟಲಿಯ ಮುಚ್ಚಳದ ಅಳತೆಗೆ ಮಾಡಿದರು. ಹಲ್ಲುಗಳು ನಡುವಿನಿಂದ ಒಂದು ಸೆಂಟಿಮೀಟರು. ಹಳೇ ಹೆಲ್ಮೆಟ್ಟಿಗೆ ಕೂರಿಸಿ, ಅರ್ಧ ಎತ್ತಿದ ಗಾಜಿನ ಅಂಚಿಗೆ ದಾರದಿಂದ ಒಂದು ಸಣ್ಣ ನೀರಿನ ಬಾಟಲಿ ಕಟ್ಟಿ, 400 ಮಿಲಿಲೀಟರು ನೀರು ಹಾಕಬೇಕು ಅಂತ ಲೆಕ್ಕ. ನೂರೈವತ್ತಕ್ಕೇ ಕಟಕಟಕಟ ಅಂತ ಹಲ್ಲು ಹಾರಿ ಗಾಜು ಕೆಳಗೆ ಬಂತು. ಹುಡುಗರು ನಕ್ಕರು. ನಾನು ಬೋರ್ಡಿನ ಲೆಕ್ಕ ತೋರಿಸಿದೆ. ಅವರ ಲೆಕ್ಕ ಅವರ ಕೈಯಲ್ಲೇ ನಿಜವಾಗಿತ್ತು.

ಎರಡನೆಯದು ಅವನಪ್ಪನ ಅಂಗಡಿಯ ಐಡಿಯಾ. ಸೈಕಲ್ ಬೇರಿಂಗಿನ ಒಂದು ಗುಂಡು, ಅದರ ಹಿಂದೆ ಬಾಲ್ ಪೆನ್ನಿನ ಸ್ಪ್ರಿಂಗು. ಬಿಲ್ಲೆಯಲ್ಲಿ ಎರಡೂವರೆ ಸೆಂಟಿಮೀಟರು ದೂರದಲ್ಲಿ ಗುಳಿಗಳು. ಗುಂಡು ಟಕ್ ಅಂತ ಗುಳಿಗೆ ಕೂರುತ್ತಿತ್ತು. ಏನು ಚೆಂದ ಸದ್ದು! ಬಾಟಲಿ ತುಂಬಿಸಿದರೂ ನಿಂತಿತು. ಆದರೆ ಸ್ಪ್ರಿಂಗು ನೆಟ್ಟಗೆ ನಿಂತಿದ್ದರಿಂದ ಒಟ್ಟು ದಪ್ಪ 14 ಮಿಲಿಮೀಟರು ಆಯಿತು. ಹೆಲ್ಮೆಟ್ಟಿಗೆ ಎರಡು ಕೊಂಬು ಬಂದ ಹಾಗೆ. ಒಬ್ಬ ಹುಡುಗಿ ನೋಡಿ, "ಸಾರ್, ಇದು ಹೋರಿ ಹೆಲ್ಮೆಟ್ರಿ" ಅಂದಳು. ಅದೇ ಹೆಸರಾಯಿತು.

ದಪ್ಪ ಇಳಿಸುವುದು ಹೇಗೆ? ಎರಡು ದಿನ ತಲೆ ಕೆಡಿಸಿಕೊಂಡೆವು. ಉತ್ತರ ಕೊಟ್ಟದ್ದು ತರಗತಿಯ ಸ್ಕೇಲು. ಹಿಂದಿನ ಬೆಂಚಿನವರು ಪಾಠದ ಮಧ್ಯೆ ಸ್ಕೇಲನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದು ಟರ್ರ್... ಅನಿಸುತ್ತಾರಲ್ಲ, ಅದು. ಯಾವತ್ತೂ ಬೈಯುವವನು ಅವತ್ತು ಸುಮ್ಮನೆ ನೋಡುತ್ತಾ ನಿಂತೆ. ಸ್ಕೇಲೂ ಒಂದು ಸ್ಪ್ರಿಂಗೇ! ಸ್ಪ್ರಿಂಗು ನೆಟ್ಟಗೆ ನಿಲ್ಲಬೇಕಾಗಿಲ್ಲ, ಮಲಗಬಹುದು. ಬಿಲ್ಲೆಯಲ್ಲೇ ಕುದುರೆ ಲಾಳದ ಆಕಾರಕ್ಕೆ ಸೀಳು ಹಾಕಿದರೆ ನಡುವೆ ಒಂದು ನಾಲಿಗೆ ಉಳಿಯುತ್ತದೆ. ಆ ನಾಲಿಗೆಯ ತುದಿಯಲ್ಲಿ ಉಬ್ಬು. ಬೇರೆ ಸ್ಪ್ರಿಂಗೇ ಬೇಡ, ಬಿಲ್ಲೆಯೇ ಸ್ಪ್ರಿಂಗು. ಒಳ್ಳೆಯ ಹೆಲ್ಮೆಟ್ ಬಿಚ್ಚಿ ನೋಡಿದರೆ ಅದರಲ್ಲೂ ಇಂಥ ಮಲಗಿದ ನಾಲಿಗೆಗಳೇ ಇರುತ್ತವೆ ಅಂತ ಆಮೇಲೆ ಗೊತ್ತಾಯಿತು. ದಪ್ಪದಲ್ಲಿ ಇಲ್ಲದ ಜಾಗವನ್ನು ಅಗಲದಲ್ಲಿ ಹುಡುಕಿಕೊಳ್ಳುವುದು, ಚಿಕ್ಕ ತಿರುಗಣಿಯ ಗುಟ್ಟು ಇದರಲ್ಲಿದೆ.

ನಾಲಿಗೆ ಎಷ್ಟು ಉದ್ದ, ಎಷ್ಟು ದಪ್ಪ ಅನ್ನುವುದಕ್ಕೂ ಲೆಕ್ಕ ಇದೆ. ಉದ್ದ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಮೆತ್ತಗಾಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಗಟ್ಟಿ. ಎರಡಕ್ಕೂ ಘನದ ಸಂಬಂಧ. ಮಕ್ಕಳು ಸೂತ್ರ ಕೇಳಲಿಲ್ಲ. ಸ್ಕೇಲನ್ನು ಬೆಂಚಿನಿಂದ 10 ಸೆಂ.ಮೀ., 20 ಸೆಂ.ಮೀ. ಚಾಚಿ, ತುದಿಗೆ ಕಲ್ಲು ಕಟ್ಟಿ ಎಷ್ಟು ಬಗ್ಗುತ್ತದೆ ಅಂತ ಅಳೆದುಕೊಂಡರು.

ಮೂರನೆಯದನ್ನು ಹಳೇ ಪ್ಲಾಸ್ಟಿಕ್ ಡಬ್ಬದ ಮುಚ್ಚಳದಿಂದ ಕೊಯ್ದರು. ದಪ್ಪ ಆರೇ ಮಿಲಿಮೀಟರು. ಬಾಟಲಿ ನಿಂತಿತು. ಸಂಭ್ರಮವೋ ಸಂಭ್ರಮ. ಗಾಜನ್ನು ಅರ್ಧ ಎತ್ತಿಟ್ಟು ಬೀರುವಿನಲ್ಲಿ ಬೀಗ ಹಾಕಿ ಮನೆಗೆ ಹೋದೆವು. ಬೆಳಿಗ್ಗೆ ನೋಡಿದರೆ ಗಾಜು ಬಿದ್ದಿತ್ತು. ನಾಲಿಗೆ ಬಗ್ಗಿದ್ದು ಬಗ್ಗಿದ ಹಾಗೇ ಇತ್ತು! ಅರ್ಧಕ್ಕೆ ನಿಲ್ಲಿಸಿದ ಕಡೆ ಉಬ್ಬು ಪೂರ್ತಿ ಸಂದಿಗೆ ಇಳಿದಿರಲಿಲ್ಲ, ನಾಲಿಗೆ ರಾತ್ರಿಯೆಲ್ಲಾ ಬಗ್ಗಿಯೇ ಇತ್ತು. ಪ್ಲಾಸ್ಟಿಕ್ಕನ್ನು ಬಹಳ ಹೊತ್ತು ಬಗ್ಗಿಸಿಟ್ಟರೆ ಅದು ಹಾಗೇ ಒಗ್ಗಿಕೊಂಡುಬಿಡುತ್ತದೆ. ಉಕ್ಕಿನ ಹಾಗಲ್ಲ. ಅದಕ್ಕೇ ಸಂದಿಗಳನ್ನು ಸ್ವಲ್ಪ ಆಳ ಮಾಡಿದೆವು, ಗಾಜು ಎಲ್ಲೇ ನಿಂತರೂ ನಾಲಿಗೆ ನೆಟ್ಟಗೆ ಆರಾಮಾಗಿರುವ ಹಾಗೆ. ನಾಲಿಗೆ ದುಡಿಯುವುದು ಗಾಜು ಸರಿಯುವಾಗ ಮಾತ್ರ. ಉಳಿದ ಹೊತ್ತೆಲ್ಲಾ ಅದಕ್ಕೆ ವಿಶ್ರಾಂತಿ. ಇದನ್ನು ಹೇಳುವಾಗ ನನಗೆ ನಮ್ಮ ಕೆಲವು ಮೇಷ್ಟ್ರುಗಳ ನೆನಪಾಯಿತು, ಇರಲಿ ಬಿಡಿ.

ಆಮೇಲೆ ನಡುಕದ ಪರೀಕ್ಷೆ. ಶಾಲೆಯ ಪಕ್ಕದ ಹೊಲದವರ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಹೆಲ್ಮೆಟ್ ಕಟ್ಟಿ ಹತ್ತು ನಿಮಿಷ ಎಂಜಿನ್ ಓಡಿಸಿದೆವು. ಗಾಜು ನಿಂತಿತು, ಆದರೆ ಸ್ಕ್ರೂ ಸಡಿಲವಾಗಿ ಅರ್ಧ ಹೊರಗೆ ಬಂದಿತ್ತು. ಬಿಗಿ ಮಾಡಿದರೆ ಗಾಜು ತಿರುಗದು, ಸಡಿಲ ಬಿಟ್ಟರೆ ಸ್ಕ್ರೂ ನಿಲ್ಲದು. ನನ್ನ ಹಳೇ ಹೆಲ್ಮೆಟ್ಟಿನ ಬಿರುಕಿಗೂ ಇದೇ ಕಾರಣ. ಗಾಜು ಅಲ್ಲಾಡುತ್ತದೆ ಅಂತ ನಾನು ಪ್ರತಿ ವಾರ ಸ್ಕ್ರೂ ಬಿಗಿಯುತ್ತಿದ್ದೆ. ಒಂದು ಹಾಳೆಯನ್ನು ಎಳೆದರೆ, ಅದರಲ್ಲಿರುವ ದುಂಡು ತೂತಿನ ಅಂಚಿನಲ್ಲಿ ಬೀಳುವ ಎಳೆತ ಉಳಿದ ಕಡೆಗಿಂತ ಮೂರು ಪಟ್ಟು. ಜರ್ಮನಿಯ ಕಿರ್ಷ್ ಅನ್ನುವವರು 1898ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಅದಕ್ಕೇ ಬಿರುಕು ಯಾವಾಗಲೂ ತೂತಿನಿಂದಲೇ ಹೊರಡುವುದು.

ಇದಕ್ಕೆ ಪರಿಹಾರ ಹೇಳಿದ್ದು ಹುಡುಗನ ಅಪ್ಪ. ಸಂಜೆ ಅಂಗಡಿ ಮುಚ್ಚಿ ಶಾಲೆಗೇ ಬಂದಿದ್ದರು. "ಸಾರ್, ಸ್ಕ್ರೂ ಗಾಜನ್ನ ಹಿಡೀಬಾರ್ದುರಿ. ನಡಕ ಒಂದು ಸಣ್ಣ ಕೊಳವಿ ಹಾಕ್ರಿ. ಸ್ಕ್ರೂ ಕೊಳವಿನ್ನ ಬಿಗಿಯಾಗಿ ಹಿಡೀಲಿ, ಗಾಜು ಕೊಳವಿ ಸುತ್ತ ತಿರುಗಲಿ" ಅಂದರು. ಗಾಜಿಗಿಂತ ಕೂದಲೆಳೆಯಷ್ಟು ಉದ್ದದ ಒಂದು ಹಿತ್ತಾಳೆ ಕೊಳವೆ ಕೊಯ್ದು ಕೊಟ್ಟರು. ಸ್ಕ್ರೂ ಕೊನೇ ತನಕ ಬಿಗಿಯಾಯಿತು, ಗಾಜು ಬೆಣ್ಣೆಯಂತೆ ತಿರುಗಿತು. ಏಳನೇ ಕ್ಲಾಸು ಓದಿದ ಮನುಷ್ಯ. ನಾನು ಎದ್ದು ನಿಂತು ಕೈ ಮುಗಿದೆ.

ಕೊನೆಯದು, ತೊಳೆಯಲು ಗಾಜು ಬಿಚ್ಚುವ ಬಗೆ. ಇದು ಹೊಸ ಯೋಚನೆಯೇನಲ್ಲ. ಯೂರೋಪಿನ ಹಳೇ ಕಾಲದ ಸೈನಿಕರ ಕಬ್ಬಿಣದ ಶಿರಸ್ತ್ರಾಣಗಳಲ್ಲೇ ಮುಖದ ತಗಡನ್ನು ಪಕ್ಕದ ಕೀಲಿನ ಮೊಳೆ ಎಳೆದು ಬಿಚ್ಚುವ ಏರ್ಪಾಟು ಇತ್ತು. ನಮ್ಮ ಹುಡುಗಿಯರು ಬಲ್ಬಿನ ಹೋಲ್ಡರು ನೋಡಿ ಹೇಳಿದರು. ಬಲ್ಬಿಗೆ ಎರಡು ಕಡ್ಡಿ ಇರುತ್ತವೆ, ಒಂದೇ ಕೋನದಲ್ಲಿ ಒಳಗೆ ಹೋಗುತ್ತವೆ, ತಿರುಗಿಸಿದರೆ ಸಿಕ್ಕಿಕೊಳ್ಳುತ್ತವೆ. ಹಾಗೆಯೇ ಗಾಜಿನ ಕಿವಿಗೆ ಎರಡು ಗುಬುಟು ಇಟ್ಟು, ಬಿಲ್ಲೆಯಲ್ಲಿ ಅದಕ್ಕೆ ಸರಿಯಾದ ಗಂಡಿ ಬಿಟ್ಟರೆ, ಗಾಜನ್ನು ಪೂರ್ತಿ ಮೇಲಕ್ಕೆತ್ತಿದಾಗ ಮಾತ್ರ ಅದು ಕಳಚಿ ಬರುತ್ತದೆ. ಓಡಿಸುವಾಗ ಮುಚ್ಚಿದ ಗಾಜು ಯಾವ ಕಾರಣಕ್ಕೂ ಕಳಚದು. ಸ್ಕ್ರೂಡ್ರೈವರು ಬೇಡವೇ ಬೇಡ. ಇದನ್ನು ಬರೀ ರಟ್ಟಿನಲ್ಲಿ ಮಾಡಿ ಪಕ್ಕಕ್ಕೆ ಅಂಟಿಸಿದೆವು, ಹೊತ್ತಿರಲಿಲ್ಲ.

ಮೇಳಕ್ಕೆ ಹೋದೆವು. ಹುಡುಗ ಚಾರ್ಟಿನ ಮೇಲೆ ದೊಡ್ಡದಾಗಿ "ಮುಖಗಾಜಿನ ತಿರುಗಣಿ" ಅಂತ ಕನ್ನಡದಲ್ಲಿ ಬರೆದಿದ್ದ. ಬಂದ ತೀರ್ಪುಗಾರರಿಗೆ ಕನ್ನಡ ಬಾರದು. ತೆಲುಗಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಇದೇನು ಅಂತ ಕೇಳಿದರು. ಇವನಿಗೆ ತೆಲುಗು ಮಾತಾಡಲು ಬರುತ್ತದೆ, ಆದರೆ ತಿರುಗಣಿಗೆ ಆ ಹೊತ್ತಿಗೆ ಮಾತು ಸಿಗಲಿಲ್ಲ. ನನ್ನ ಕಡೆ ನೋಡಿದ. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅಷ್ಟರಲ್ಲಿ ಅವನು ಸೀದಾ ಆ ಕೋಣೆಯ ಬಾಗಿಲ ಹತ್ತಿರ ಹೋದ. ಒಂದೇ ಬೆರಳಿಂದ ಅಂಚಿನಲ್ಲಿ ನೂಕಿ ತೋರಿಸಿದ, ಆಮೇಲೆ ಹಿಂಜಿನ ಪಕ್ಕ ಎರಡೂ ಕೈಯಿಂದ ನೂಕಿ ತೋರಿಸಿದ. ವಾಪಸು ಬಂದು ಗಾಜಿನ ಅಂಚು ಮುಟ್ಟಿದ, ಹಲ್ಲು ಮುಟ್ಟಿದ. ತೀರ್ಪುಗಾರರು ಕುರ್ಚಿ ಎಳೆದುಕೊಂಡು ಕೂತರು. ಬಾಟಲಿಗೆ ತಾವೇ ನೀರು ಹಾಕಿದರು.

ಬಹುಮಾನ ಬರಲಿಲ್ಲ. ಸೋಲಾರ್ ಮನೆಗೆ ಬಂತು. ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಊರು ಹತ್ತಿರ ಬಂದಾಗ, "ಸಾರ್, ನಿಮ್ಮ ಹೆಲ್ಮೆಟ್ಟು ಈಗ ನಿಂದ್ರತೈತಿಲ್ರಿ. ಸಾಕು ಬಿಡ್ರಿ" ಅಂದ.

ಅವನಿಗೆ ಸತ್ಯ ಹೇಳಿದೆ. ನಾವು ಮಾಡಿದ್ದನ್ನು ನಾನು ರಸ್ತೆಯಲ್ಲಿ ಹಾಕಿಕೊಳ್ಳುವುದಿಲ್ಲ, ಹಾಕಿಕೊಳ್ಳಲೂಬಾರದು. ಅದಕ್ಕೆ ಪರೀಕ್ಷೆ ಆಗಿಲ್ಲ. ಅದರ ಚಿಪ್ಪೇ ಸರಿಯಿಲ್ಲ. ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ನಮ್ಮಲ್ಲಿ ಐಎಸ್ 4151 ಅನ್ನುವ ಮಾನಕ ಇದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು ಕಾನೂನಿಗೆ ವಿರುದ್ಧ. ಮೋಟಾರು ವಾಹನ ಕಾಯಿದೆಯ 129ನೇ ಕಲಮು ಹೆಲ್ಮೆಟ್ ಹಾಕಿ ಅನ್ನುತ್ತದೆ. ನಾನು ಇಷ್ಟು ವರ್ಷ ಹಾಕಿದ್ದು ಆ ಕಲಮಿಗೆ, ನನ್ನ ತಲೆಗಲ್ಲ. ಆ ತಿಂಗಳ ಸಂಬಳದಲ್ಲಿ ಐಎಸ್‌ಐ ಗುರುತಿನ, ಗಾಜು ಬದಲಿಸಲು ಬರುವ ಒಂದು ಹೆಲ್ಮೆಟ್ ಕೊಂಡೆ. ಅಂಗಡಿಯಲ್ಲಿ ಬಣ್ಣ ನೋಡಲಿಲ್ಲ. ಗಾಜನ್ನು ಎತ್ತಿ ಇಳಿಸಿ, ಬಿಚ್ಚಿ ಹಾಕಿ, ಅರ್ಧ ಗಂಟೆ ಅಂಗಡಿಯವನ ತಲೆ ತಿಂದೆ. ಹಳೆಯದು ತಿರುಗಣಿ ಸಮೇತ ಶಾಲೆಯ ಬೀರುವಿನಲ್ಲಿದೆ. ಘರ್ಷಣೆ, ಸನ್ನೆಯ ಪಾಠ ಬಂದಾಗ ಹೊರಗೆ ಬರುತ್ತದೆ.

ನಮ್ಮ ಹುಡುಗರು ಈಗ ಒಂದು ಹೊಸ ಚಾಳಿ ಕಲಿತಿದ್ದಾರೆ. ಬೆಳಿಗ್ಗೆ ಮೇಷ್ಟ್ರುಗಳ ಬೈಕು ನಿಲ್ಲುವ ಕಡೆ ಹೋಗಿ, ಒಂದೊಂದೇ ಹೆಲ್ಮೆಟ್ ಎತ್ತಿ, ಗಾಜನ್ನು ಅರ್ಧಕ್ಕೆ ನಿಲ್ಲಿಸಿ, ಎರಡು ಸಲ ಜಾಡಿಸಿ ನೋಡುತ್ತಾರೆ. ಮೊದಲ ದಿನ ಏಳರಲ್ಲಿ ಮೂರು ಬಿದ್ದವು. ಒಂದಕ್ಕೆ ರಬ್ಬರ್ ಬ್ಯಾಂಡು ಇತ್ತು! ಆ ಮೇಷ್ಟ್ರು ನನ್ನನ್ನು ನೋಡಿ ನಕ್ಕರು, ನಾನು ನಗಲಿಲ್ಲ. ಮಕ್ಕಳ ಕಾಟ ತಡೆಯಲಾರದೆ ಮೂವರೂ ಗಾಜು ಬದಲಿಸಿದರು. ಬಹುಮಾನ ಅಂದರೆ ಇದೇ ಅಂತ ನಾನು ಹುಡುಗನಿಗೆ ಹೇಳಿದ್ದೇನೆ, ಅವನು ಪೂರ್ತಿ ನಂಬಿದ ಹಾಗೆ ಕಾಣುವುದಿಲ್ಲ.

ಗಡಿ ಶಾಲೆಗಳ ಸ್ನೇಹಿತರೇ, ನಾಳೆ ಬೆಳಿಗ್ಗೆ ಹೊರಡುವ ಮುಂಚೆ ನೀವೂ ಜಾಡಿಸಿ ನೋಡಿ. ಬಿದ್ದರೆ ಸ್ಕ್ರೂ ಬಿಗಿಯಬೇಡಿ, ರಬ್ಬರ್ ಬ್ಯಾಂಡು ಕಟ್ಟಬೇಡಿ. ಗಾಜನ್ನೂ ಬಿಲ್ಲೆಯನ್ನೂ ಬದಲಿಸಿ. ಪೆಟ್ರೋಲು ಅದ್ದಿದ ಬಟ್ಟೆಯಿಂದ ಗಾಜು ಒರೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಆ ಪ್ಲಾಸ್ಟಿಕ್ಕಿಗೆ ಪೆಟ್ರೋಲು ಆಗದು, ಒಳಗೊಳಗೇ ಬಿರುಕು ಬಿಡುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಮತ್ತೆ, ನಿಮ್ಮ ಕಡೆ ಕದದ ಆ ಗೂಟಕ್ಕೆ ಅಜ್ಜಿಯರು ಏನೆನ್ನುತ್ತಾರೆ ಅಂತ ಮಕ್ಕಳನ್ನು ಕೇಳಿ ನನಗೂ ಬರೆಯಿರಿ. ನಮ್ಮ ಬೀರುವಿನ ಚಾರ್ಟಿನಲ್ಲಿ ಇನ್ನೂ ಜಾಗ ಇದೆ.